ಮೂರನೆಯ ಸಾಲಿನ ಆಸನ

ಕಲಬುರಗಿಯ ನಮ್ಮ ಮನೆಯಲ್ಲಿ ಏಳು ಜನರಿದ್ದೇವೆ. ಗಾಣಗಾಪುರದ ದತ್ತನ ದರ್ಶನಕ್ಕೆ ಎರಡು ಕಾರುಗಳಲ್ಲಿ ಹೋಗುವುದು ತಪ್ಪಲೆಂದೇ ಏಳು ಆಸನಗಳ ವೋಲ್ವೋ ಎಕ್ಸ್‌ಸಿ90 ಕೊಂಡೆವು. ಅದರ ಮೂರನೆಯ ಸಾಲನ್ನು 170 ಸೆಂ.ಮೀ. ಎತ್ತರದವರೆಗಿನವರಿಗೆಂದು ರೂಪಿಸಲಾಗಿದೆ. ನನ್ನ ಅಮ್ಮ ಅಷ್ಟು ಎತ್ತರದವರಲ್ಲವಾದ್ದರಿಂದ ಕುಳಿತ ಮೇಲೆ ಅವರಿಗೆ ಯಾವ ತೊಂದರೆಯೂ ಇರಲಿಲ್ಲವಾದರೂ, ಒಳಗೆ ಹೋಗಲು ಬಗ್ಗುವಾಗಲೆಲ್ಲ ಅವರ ಮೊಣಕಾಲು ನೋಯುವುದನ್ನು ಕಂಡು, ಆ ಜಾಗವನ್ನು ಮಕ್ಕಳಿಗೆ ಬಿಟ್ಟುಕೊಟ್ಟು ಅವರನ್ನು ನಡುವಿನ ಸಾಲಿಗೆ ಕರೆತಂದೆವು. ಹಿರಿಯರಿರುವ ಮನೆಯವರು ಕೊಳ್ಳುವ ಮೊದಲೇ ಅವರನ್ನು ಅಲ್ಲಿ ಹತ್ತಿಸಿ, ಇಳಿಸಿ ನೋಡಬೇಕು.

ಬಿಸಿಲು 40 ಡಿಗ್ರಿ ದಾಟುವ ನಮ್ಮ ಬೇಸಿಗೆಯಲ್ಲಿ ಗಾಜಿನ ಛಾವಣಿಯ ಪರದೆಯನ್ನು ಮುಚ್ಚಿಯೇ ಇಡುತ್ತೇವೆ. ಮೂರೂ ಸಾಲು ತುಂಬಿದಾಗ ಡಿಕ್ಕಿಯಲ್ಲಿ ಜಾಗ ಕಡಿಮೆ. ರೊಟ್ಟಿಬುತ್ತಿ, ಶೇಂಗಾ ಹಿಂಡಿಯ ಡಬ್ಬಿ ಮಕ್ಕಳ ಕಾಲಬಳಿಯೇ ಬರುತ್ತವೆ.