ಪುಸ್ತಕದ ಕೈ, ಮೇಜಿನ ಕೈ

ಮೆಡಿಕಲ್ ಓದಿನ ಮೊದಲ ವರ್ಷದ ಅನಾಟಮಿ ರೆಕಾರ್ಡ್, ಅಂದರೆ ದೇಹರಚನೆಯ ಚಿತ್ರ ಬಿಡಿಸುವ ಪುಸ್ತಕ, ಈಗಲೂ ನನ್ನ ಬಳಿ ಇದೆ. ಮಂಗಳೂರಿನ ಮಳೆಗಾಲದ ತೇವಕ್ಕೆ ಹಾಳೆಗಳು ಉಬ್ಬಿವೆ, ಬಣ್ಣ ಮಾತ್ರ ಮಾಸಿಲ್ಲ: ಹೃದಯದಿಂದ ರಕ್ತ ಒಯ್ಯುವ ಆರ್ಟರಿಗೆ ಕೆಂಪು, ಹೃದಯಕ್ಕೆ ಮರಳಿಸುವ, ವೇನ್‌ಗೆ ನೀಲಿ, ನರಕ್ಕೆ ಹಳದಿ. ತೋಳಿನ ಚಿತ್ರದ ಮೇಲೆ ಅಡ್ಡಗೆರೆ ಎಳೆದು ಸರ್ ಬರೆದಿದ್ದಾರೆ: "ಇದು ಪುಸ್ತಕದ ಕೈ. ನಿನ್ನ ಮೇಜಿನ ಮೇಲಿರುವ ಕೈ ಎಲ್ಲಿ?"

ಎರಡು ರಾತ್ರಿ ಕೂತು ಬಿಡಿಸಿದ ಚಿತ್ರವದು. ಪಠ್ಯದಲ್ಲಿದ್ದಂತೆಯೇ ತೋಳಿನ ಮುಖ್ಯ ರಕ್ತನಾಳ ಬ್ರೇಕಿಯಲ್ ಆರ್ಟರಿ ಮೊಣಕೈಯ ಮುಂದೆ ಎರಡಾಗಿ ಕವಲೊಡೆದಿತ್ತು. ನನಗೆ ಅಳುವೇ ಬಂತು. ಮರುದಿನ, ಶವ ಕೆಡದಂತೆ ಹಾಕುವ ಫಾರ್ಮಲಿನ್‌ಗೆ ಉರಿಯುವ ಕಣ್ಣು ಒರೆಸಿಕೊಳ್ಳುತ್ತ ನೋಡಿದರೆ, ನಮ್ಮ ಮೇಜಿನ ಕೈಯಲ್ಲಿ ಆ ಕವಲುಗಳಲ್ಲೊಂದಾದ ರೇಡಿಯಲ್ ಆರ್ಟರಿ ಕಂಕುಳ ಹತ್ತಿರವೇ ಬೇರೆಯಾಗಿ ಚರ್ಮದಡಿಯಲ್ಲೇ ಇಳಿದು ಬಂದಿತ್ತು. ಎರಡು ವಾರದಿಂದ ಐದಾರು ಮಂದಿ ಅದೇ ಕೈಯನ್ನು ಕೊಯ್ಯುತ್ತಿದ್ದೆವು. ಒಬ್ಬರ ಕಣ್ಣಿಗೂ ಬಿದ್ದಿರಲಿಲ್ಲ.

ಅಂದು ಸರ್ ಬಣ್ಣದ ಚಾಕ್ ಕೆಳಗಿಟ್ಟು ಹದಿನಾರನೆಯ ಶತಮಾನದ ಅನಾಟಮಿ ಪಂಡಿತ ವೆಸೇಲಿಯಸ್ಸಿನ ಕಥೆ ಹೇಳಿದರು. ಪ್ರಾಚೀನ ಗ್ರೀಕ್ ವೈದ್ಯ ಗೇಲನ್ ಪ್ರಾಣಿಗಳನ್ನು ಕೊಯ್ದು ನೋಡಿ ಬರೆದದ್ದನ್ನೇ ಸಾವಿರಕ್ಕೂ ಹೆಚ್ಚು ವರ್ಷ ಮನುಷ್ಯನ ದೇಹವೆಂದು ಓದಿಸುತ್ತಿದ್ದರು. ಕೆಳದವಡೆ ಎರಡು ಮೂಳೆ ಎಂದಿತ್ತು ಪುಸ್ತಕ. ತಾನೇ ಕತ್ತಿ ಹಿಡಿದು ನೋಡಿದ ವೆಸೇಲಿಯಸ್ ಒಂದೇ ಎಂದ. ಮರದಲ್ಲಿ ಕೊರೆದ ಅವನ ಚಿತ್ರದಚ್ಚುಗಳು ವೆನಿಸ್‌ನಿಂದ ಆಲ್ಪ್ಸ್ ದಾಟಿ ಸ್ವಿಟ್ಜರ್ಲೆಂಡಿನ ಬಾಸೆಲ್ ಸೇರಿ 1543ರಲ್ಲಿ ಪುಸ್ತಕವಾದವು. ಅದರಲ್ಲಿ ಸ್ನಾಯುಗಳನ್ನು ಪದರ ಪದರವಾಗಿ ಕಳಚಿಕೊಂಡ ಮನುಷ್ಯರು ಬೆಟ್ಟ ಊರುಗಳ ಮುಂದೆ ನಿಂತಿದ್ದಾರೆ.

"ಯಾವ ಬಾಸೆಲ್ ಗೊತ್ತಾಯ್ತಲ್ಲ?" ಎಂದರು ಸರ್. ನಮ್ಮ ಬಾಸೆಲ್ ಮಿಷನ್ ಹೊರಟುಬಂದ ಊರೇ! ಸರಿಯಾಗಿ ಮುನ್ನೂರು ವರ್ಷದ ಮೇಲೆ, 1843ರಲ್ಲಿ, ಅದೇ ಮಿಷನ್ನಿನವರು ಇಲ್ಲಿ ಕಲ್ಲಚ್ಚಿನಲ್ಲಿ 'ಮಂಗಳೂರ ಸಮಾಚಾರ' ಪತ್ರಿಕೆ ಹೊರತಂದರು. ಮಿಷನ್ನಿನ ನೆಲೆಯಾಗಿದ್ದ ಬಲ್ಮಠದ ಏರು ಹತ್ತುವಾಗಲೆಲ್ಲ ನನಗೆ ಆ ಅಚ್ಚುಗಳ ನೆನಪು.

ಸರ್‌ಗೆ ಹೆಚ್ಚು ಪ್ರೀತಿ ಚಿತ್ರಕಾರ ಕಾರ್ಟರ್ ಮೇಲೆ. 1858ರಲ್ಲಿ ಲಂಡನ್ನಿನಲ್ಲಿ ಬಂದ ಅನಾಟಮಿ ಪುಸ್ತಕವನ್ನು ನಾವೆಲ್ಲ ಅದರ ಲೇಖಕನ ಹೆಸರಿನಿಂದ 'ಗ್ರೇ' ಎನ್ನುತ್ತೇವೆ. ಅದರ 363 ಚಿತ್ರಗಳ ಹಿಂದಿನ ಕೈ ಹೆನ್ರಿ ವ್ಯಾಂಡೈಕ್ ಕಾರ್ಟರ್ ಅವರದು. ಅಚ್ಚಿನಲ್ಲಿ ನೇರ ಬರಲೆಂದು ಮರದ ತುಂಡಿನ ಮೇಲೆ ಎಡಬಲ ತಿರುಗಿಸಿ ಬರೆಯಬೇಕು. ಹೆಸರುಗಳನ್ನೂ ಪಕ್ಕದ ಪಟ್ಟಿಗೆ ತಳ್ಳದೆ ಆಯಾ ಸ್ನಾಯು, ಆರ್ಟರಿಗಳ ಮೈಮೇಲೆಯೇ ಬರೆದರು. ಓದುವವನ ಕಣ್ಣು ದೇಹ ಬಿಟ್ಟು ಅಲೆಯುವುದೇ ಇಲ್ಲ. ಇದಕ್ಕೆ ಸಿಕ್ಕಿದ್ದು ಒಮ್ಮೆ ಕೊಟ್ಟ 150 ಪೌಂಡು, ರಾಯಲ್ಟಿ ಇಲ್ಲ. ಅದೇ ವರ್ಷ ಹಡಗು ಹತ್ತಿ ಮುಂಬೈಗೆ ಬಂದು ಗ್ರಾಂಟ್ ಮೆಡಿಕಲ್ ಕಾಲೇಜಿನಲ್ಲಿ ಅನಾಟಮಿ ಕಲಿಸಿದರು, ಮುಂದೆ ಕುಷ್ಠರೋಗದ ಅಧ್ಯಯನಕ್ಕೆ ತೊಡಗಿದರು. ಹೇಳುವಾಗ ಸರ್ ದನಿ ತಗ್ಗುತ್ತಿತ್ತು. ಆ ಅನ್ಯಾಯ ನಿನ್ನೆ ಮೊನ್ನೆ ನಡೆದದ್ದೇನೋ ಅನ್ನುವ ಹಾಗೆ.

ರೆಕಾರ್ಡಿನ ಮುಂದಿನ ಪುಟದಲ್ಲಿ ನನ್ನ ಎರಡನೆಯ ಚಿತ್ರವಿದೆ. ಗೆರೆ ಸೊಟ್ಟ, ಬಣ್ಣ ಹರಡಿದೆ, ರೇಡಿಯಲ್ ಆರ್ಟರಿ ಇರಬೇಕಾದಲ್ಲಿ ಇಲ್ಲ, ಇದ್ದಲ್ಲಿ ಇದೆ. ಕೆಳಗೆ ಸರ್ ಸಹಿ.

ಇಂದಿಗೂ ರೋಗಿಯ ಮೊಣಕೈ ಮಡಿಕೆಗೆ ಸೂಜಿ ಚುಚ್ಚುವ ಮೊದಲು ಅಲ್ಲಿ ಬೆರಳಿಟ್ಟು, ಚರ್ಮದಡಿಯಲ್ಲಿ ನಾಡಿ ಮಿಡಿಯುತ್ತಿದೆಯೇ ಎಂದು ಒಂದು ಕ್ಷಣ ನೋಡುತ್ತೇನೆ.