ಮಂಚ ಇತ್ತು, ಲೈಫ್‌ಬೋಟಿನಲ್ಲಿ ಜಾಗ ಇರಲಿಲ್ಲ

"ಮೇಡಂ, ಆ ಕ್ಯಾಬಿನ್‌ನಲ್ಲಿ ನಾಲ್ಕನೇ ಮಂಚ ಇದೆ. ಆದ್ರೆ ನಾಲ್ಕನೇಯವರಿಗೆ ಬುಕಿಂಗ್ ತಗೊಳ್ತಾ ಇಲ್ಲ."

"ಮಂಚ ಇದ್ದ ಮೇಲೆ ಯಾಕೆ ತಗೊಳ್ಳಲ್ಲ?"

"ಆ ಭಾಗದ ಲೈಫ್‌ಬೋಟ್ ಲೆಕ್ಕ ಭರ್ತಿ ಆಗಿದೆ ಮೇಡಂ."

ಹಡಗು ಪ್ರವಾಸದ ಏಜೆಂಟ್‌ನ ಫೋನು, ಸ್ಪೀಕರ್‌ನಲ್ಲಿತ್ತು. ಅಮ್ಮ ಪಕ್ಕದಲ್ಲೇ ಕೂತು ಬಟ್ಟೆ ಮಡಿಸುತ್ತಿದ್ದಳು. ಮೂರು ವಾರದಿಂದ "ನೀವೆಲ್ಲ ಹೋಗ್ಬನ್ನಿ, ನಾನು ಮನೆ ನೋಡ್ಕೋತೀನಿ" ಅನ್ನುತ್ತಿದ್ದವಳು ಅವಳು. ಅವಳ ಕಿವಿಗೆ ಬೀಳಬಾರದ ಮಾತು ಅಂತ ಒಂದಿದ್ದರೆ ಅದು ಇದೇ. ಮುಗೀತು ಕಥೆ ಅಂದುಕೊಂಡೆ.

ಹಡಗಿನ ಯೋಚನೆ ಹುಟ್ಟಿದ್ದು ಅಪ್ಪನ ಮೊಣಕಾಲಿನಿಂದ. ಎಲ್ಲಿಗೆ ಹೋದರೂ ದಿನಕ್ಕೊಂದು ಹೋಟೆಲು, ಬ್ಯಾಗು ಬಿಚ್ಚು, ಬ್ಯಾಗು ಕಟ್ಟು, ಬಸ್ಸು ಹತ್ತು. ಅವರಿಗೆ ಅದೆಲ್ಲ ಸಾಕಾಗಿತ್ತು. ಹಡಗಿನಲ್ಲಾದರೆ ಒಂದು ಸಲ ಬಟ್ಟೆಯನ್ನು ಬೀರುವಿನಲ್ಲಿಟ್ಟರೆ ಮುಗೀತು, ಊರುಗಳೇ ನಮ್ಮ ಹತ್ತಿರ ಬರುತ್ತವೆ. ಹೀಗೆ ಹೇಳಿ ಎಲ್ಲರನ್ನೂ ಒಪ್ಪಿಸಿದವಳು ನಾನೇ. ಹಾಗಾಗಿ ಕೆಲಸವೂ ನನ್ನ ತಲೆಗೇ ಬಂತು.

ನಾವು ಹನ್ನೆರಡು ಜನ. ಅಪ್ಪ, ಅಮ್ಮ. ಅಕ್ಕ, ಭಾವ, ಕಾಲೇಜಿಗೆ ಹೋಗುವ ಅವರ ಮಗಳು. ನಾವಿಬ್ಬರು, ನಮ್ಮ ಮಕ್ಕಳಿಬ್ಬರು. ತಮ್ಮ, ಅವನ ಹೆಂಡತಿ, ಮತ್ತೆ ಅವರ ಕೂಸು. ಈ ಪಟ್ಟಿಯಲ್ಲಿ ಅತಿ ಹೆಚ್ಚು ತೊಂದರೆ ಕೊಟ್ಟಿದ್ದು ಮಾತೇ ಬಾರದ ಆ ಕೂಸು. ಹಡಗು ಹೊರಡುವ ದಿನಕ್ಕೆ ಮಗುವಿಗೆ ಆರು ತಿಂಗಳು ತುಂಬಿರಬೇಕು ಅನ್ನುತ್ತವೆ ಹೆಚ್ಚಿನ ಕಂಪನಿಗಳು. ಸಾಗರ ದಾಟುವ ಉದ್ದದ ಪ್ರಯಾಣವಾದರೆ ಒಂದು ವರ್ಷ. ನಾವು ಮೊದಲು ಆರಿಸಿದ್ದ ದಿನಕ್ಕೆ ನಮ್ಮ ಕೂಸಿಗೆ ಐದೂವರೆ. "ಹದಿನೈದು ದಿನ ತಾನೇ, ಯಾರು ಕೇಳ್ತಾರೆ?" ಅಂದ ತಮ್ಮ. ಪಾಸ್‌ಪೋರ್ಟ್ ಕೇಳತ್ತೆ ಕಣೋ ಅಂದೆ. ಇಡೀ ಪ್ರವಾಸ ಮುಂದಿನ ರಜೆಗೆ ಹೋಯಿತು.

ಮಕ್ಕಳಿಗೆ ಬೇಕಿದ್ದಿದ್ದು ಪ್ರಪಂಚದ ಅತಿ ದೊಡ್ಡ ಪ್ರವಾಸಿ ಹಡಗುಗಳಲ್ಲೊಂದು. ಐಕಾನ್ ಆಫ್ ದಿ ಸೀಸ್ ವಿಡಿಯೋ ಹಾಕಿಕೊಂಡು ಕೂತರು. 2024ರ ಜನವರಿಯಲ್ಲಿ ಓಡಾಟ ಶುರು ಮಾಡಿದ ಹಡಗು. ಸುಮಾರು 365 ಮೀಟರ್ ಉದ್ದ, 20 ಡೆಕ್, ಪೂರ್ತಿ ತುಂಬಿದರೆ 7,600 ಪ್ರಯಾಣಿಕರು. "ಎರಡು ಲಕ್ಷದ ನಲವತ್ತೆಂಟು ಸಾವಿರ ಟನ್ ತೂಕ!" ಅಂತ ಭಾವ ಕಣ್ಣರಳಿಸಿದರು. ಅಕ್ಕನ ಮಗಳು ತಕ್ಷಣ ತಿದ್ದಿದಳು. ಅದು ತೂಕ ಅಲ್ಲವಂತೆ, ಗ್ರಾಸ್ ಟನೇಜ್ ಅಂದರೆ ಹಡಗಿನ ಒಳಗಿನ ಜಾಗದ ಅಳತೆಯಂತೆ. ಅಪ್ಪನ ಮುಂದೆಯೇ ಹೇಳಿದ್ದರಿಂದ ಭಾವ ಆಮೇಲೆ ಎರಡು ದಿನ ಹಡಗಿನ ವಿಷಯ ಎತ್ತಲಿಲ್ಲ. ಕೊನೆಗೆ ನಾವು ಹಿಡಿದದ್ದು ಅದಕ್ಕಿಂತ ಚಿಕ್ಕದು. ಚಿಕ್ಕದು ಅಂದರೂ ಸಾವಿರಾರು ಜನ ಹಿಡಿಸುವಂಥದ್ದೇ.

ನಿಜವಾದ ಕೆಲಸ ಇರುವುದು ಕ್ಯಾಬಿನ್ ಆರಿಸುವುದರಲ್ಲಿ. ಡೆಕ್ ಪ್ಲ್ಯಾನ್ ಅಂತ ಒಂದು ನಕ್ಷೆ ಇರುತ್ತದೆ. ಅದರ ಪ್ರಿಂಟ್ ತೆಗೆದು, ಹಾಳೆಗಳನ್ನು ಅಂಟಿಸಿ ಊಟದ ಮೇಜಿನ ತುಂಬ ಹರಡಿದೆ. ಮೊದಲ ದಿನ ನಾನು ನೋಡಿದ್ದು ಬರೀ ನಮ್ಮ ಡೆಕ್. ಅದು ತಪ್ಪು. ಮೇಲಿನ ಡೆಕ್ಕನ್ನೂ ಕೆಳಗಿನ ಡೆಕ್ಕನ್ನೂ ಒಟ್ಟಿಗೆ ಇಟ್ಟುಕೊಂಡು ನೋಡಬೇಕು. ಅಕ್ಕ ಆಸೆಪಟ್ಟು ಗುರುತು ಹಾಕಿದ್ದ ಕ್ಯಾಬಿನ್ ಸರಿಯಾಗಿ ಈಜುಕೊಳದ ಕೆಳಗಿತ್ತು. ಬೆಳಕು ಹರಿಯುವ ಮುಂಚೆಯೇ ತಲೆ ಮೇಲೆ ಕುರ್ಚಿ ಎಳೆಯುವ ಸದ್ದು ಶುರುವಾಗುತ್ತದೆ ಅಂತ ಹೋಗಿ ಬಂದ ಗೆಳತಿ ಹೇಳಿದಳು. ನಾಟಕಶಾಲೆಯ ಮೇಲಿನ ಕ್ಯಾಬಿನ್ ಆದರೆ ಮಧ್ಯರಾತ್ರಿವರೆಗೆ ಡ್ರಮ್ಮು. ಕ್ಯಾಬಿನ್‌ಗಳ ಮೇಲೆ, ಕೆಳಗೆ, ಪಕ್ಕದಲ್ಲಿ ಕ್ಯಾಬಿನ್‌ಗಳೇ ಇದ್ದರೆ ನಿದ್ದೆ ಗ್ಯಾರಂಟಿ.

ಅಮ್ಮನಿಗೆ ಬಸ್ಸಿನಲ್ಲೇ ವಾಂತಿ. ಅವಳಿಗೆ ಹಡಗಿನ ಮಧ್ಯಭಾಗದಲ್ಲಿ, ಆದಷ್ಟು ಕೆಳಗಿನ ಡೆಕ್ಕಿನಲ್ಲಿ ಜಾಗ ಹುಡುಕಬೇಕಿತ್ತು. ಪಾರ್ಕಿನ ಸೀಸಾ ನೋಡಿದ್ದೀರಲ್ಲ, ಎರಡು ತುದಿಯಲ್ಲಿ ಕೂತವರು ಮೇಲೆ ಕೆಳಗೆ ಹೋಗುತ್ತಾರೆ, ನಡುವಿನ ಹಲಗೆ ಅಲ್ಲಾಡುವುದು ಕಮ್ಮಿ. ಹಡಗೂ ಹಾಗೇ. ದೊಡ್ಡ ಹಡಗುಗಳಿಗೆ ನೀರಿನೊಳಗೆ ಮೀನಿನ ರೆಕ್ಕೆಯಂಥ ಸ್ಟೆಬಿಲೈಸರ್ ಕೂಡ ಇರುತ್ತವೆ, ಅವು ಪಕ್ಕಕ್ಕೆ ತೂಗುವುದನ್ನು ತಗ್ಗಿಸುತ್ತವೆ. ಇಷ್ಟೆಲ್ಲ ವಿವರಿಸಿದರೂ ಅಮ್ಮನ ಉತ್ತರ ಅದೇ, "ನೀವು ಹೋಗ್ಬನ್ನಿ."

ಕಿಟಕಿಯೇ ಇಲ್ಲದ ಒಳಗಿನ ಕ್ಯಾಬಿನ್ ಎಲ್ಲಕ್ಕಿಂತ ಅಗ್ಗ. ಮಕ್ಕಳಿಗೆ ಅದು ಗುಹೆಯ ಥರ ಕಂಡು ಖುಷಿಯಾಯಿತು. ಅಪ್ಪ ಒಪ್ಪಲಿಲ್ಲ. "ಬೆಳಗಾಯ್ತೋ ಇಲ್ವೋ ಗೊತ್ತಾಗ್ಬೇಡ್ವಾ?" ಅಂದರು. ಇನ್ನೊಂದು ಎಡವಟ್ಟೂ ಆಯಿತು. ನಮ್ಮದೂ ತಮ್ಮನದೂ ಕನೆಕ್ಟಿಂಗ್ ಕ್ಯಾಬಿನ್ ಬೇಕು ಅಂತ ಏಜೆಂಟ್‌ಗೆ ಎರಡು ಸಲ ಹೇಳಿದ್ದೆ. ಅವರು ಹಿಡಿದಿಟ್ಟಿದ್ದು ಸುಮ್ನೆ ಅಕ್ಕಪಕ್ಕದ ಕ್ಯಾಬಿನ್, ಮಧ್ಯೆ ಬಾಗಿಲಿಲ್ಲ. ರಾತ್ರಿ ಕೂಸು ಅತ್ತರೆ ನೈಟಿಯಲ್ಲೇ ಕಾರಿಡಾರ್ ಸುತ್ತಿಕೊಂಡು ಓಡಬೇಕು. "ಎರಡೂ ಒಂದೇ ಅಲ್ವಾ ಮೇಡಂ?" ಅಂದಾಗ ಬಂದ ಸಿಟ್ಟನ್ನು ಹೇಗೆ ನುಂಗಿದೆನೋ ನನಗೇ ಗೊತ್ತು.

ದುಡ್ಡಿನ ಲೆಕ್ಕ ನನ್ನ ಗಂಡನ ಪಾಲು. ದರ ಹೇಳುವುದು ಒಬ್ಬರಿಗೆ ಇಷ್ಟು ಅಂತ, ಆದರೆ ಅದು ಒಂದು ಕ್ಯಾಬಿನ್‌ಗೆ ಇಬ್ಬರು ಅಂತ ಇಟ್ಟುಕೊಂಡು ಹೇಳಿದ ದರ. ಒಬ್ಬರೇ ಇದ್ದರೆ ಹೆಚ್ಚುಕಮ್ಮಿ ಇಬ್ಬರದ್ದೂ ಕೊಡಬೇಕು. ಟಿಪ್ಸು ತಲೆಗೆ ಇಷ್ಟು, ದಿನಕ್ಕೆ ಇಷ್ಟು ಅಂತ ತಾನೇ ಬಿಲ್ಲಿಗೆ ಸೇರಿಕೊಳ್ಳುತ್ತದೆ. ವೈಫೈ ಬೇರೆ, ದಡ ಸುತ್ತುವ ಟೂರು ಬೇರೆ. ನಡುಸಮುದ್ರದಲ್ಲಿ ಫೋನು ಹಡಗಿನ ಸ್ವಂತ ನೆಟ್‌ವರ್ಕ್ ಹಿಡಿದುಕೊಂಡರೆ ರೋಮಿಂಗ್ ಬಿಲ್ಲು ನೋಡಿ ಎದೆ ಒಡೆಯಬೇಕು, ಹತ್ತಿದ ಕೂಡಲೇ ಏರ್‌ಪ್ಲೇನ್ ಮೋಡ್ ಹಾಕಬೇಕು ಅಂತ ದಪ್ಪ ಅಕ್ಷರದಲ್ಲಿ ಬರೆದಿಟ್ಟರು. ಇಸ್ತ್ರಿ ಪೆಟ್ಟಿಗೆ ಒಯ್ಯುವ ಹಾಗಿಲ್ಲ, ಬೆಂಕಿಯ ಭಯ. ಹಡಗು ಬಿಡುವ ಊರಿಗೆ ಹಿಂದಿನ ದಿನವೇ ಹೋಗಿ ಉಳಿಯುವುದು ಅಂತಲೂ ಆಯಿತು, ನಮ್ಮ ವಿಮಾನ ತಡವಾಯಿತು ಅಂತ ಹಡಗು ಕಾಯುವುದಿಲ್ಲ.

ಈಗ ಆ ಫೋನಿಗೆ ಬರುತ್ತೇನೆ. ಅಮ್ಮ ಬಟ್ಟೆ ಮಡಿಸುವುದನ್ನು ನಿಲ್ಲಿಸಿದಳು. "ಏನಂತೆ? ಮಂಚ ಇದ್ರೂ ಬೇಡ ಅಂತಾರಾ?"

ಮಾತು ಹಾರಿಸೋಣ ಅಂತ ನೋಡಿದೆ. ಅಷ್ಟರಲ್ಲಿ ಅಕ್ಕನ ಮಗಳು ಶುರು ಮಾಡಿದಳು. ಕ್ಯಾಬಿನ್ ಇರುವ ಭಾಗಕ್ಕೆ ತಕ್ಕಂತೆ ಪ್ರತಿಯೊಬ್ಬರಿಗೂ ಒಂದು ಮಸ್ಟರ್ ಸ್ಟೇಷನ್ ಇರುತ್ತದೆ. ಅಪಾಯದ ಗಂಟೆ ಬಾರಿಸಿದರೆ ಅಲ್ಲಿಗೆ ಹೋಗಬೇಕು, ಅಲ್ಲಿಂದ ಲೈಫ್‌ಬೋಟ್. ಒಂದು ಭಾಗದ ಲೆಕ್ಕ ತುಂಬಿದರೆ ಅಲ್ಲಿ ಮಂಚ ಖಾಲಿ ಇದ್ದರೂ ಇನ್ನೊಬ್ಬರನ್ನು ಹಾಕುವುದಿಲ್ಲ.

"ಟೈಟಾನಿಕ್‌ನಲ್ಲಿ ಹೀಗಿರಲಿಲ್ವಾ?" ಅಂದರು ಭಾವ. ನಾನು ಕಣ್ಣಲ್ಲೇ ಸುಟ್ಟೆ. ಅವರು ನೋಡಲಿಲ್ಲ.

"ಇರ್ಲಿಲ್ಲ ಅಪ್ಪ. ಹಡಗಿನಲ್ಲಿ ಸುಮಾರು 2,200 ಜನ, ಬೋಟುಗಳಲ್ಲಿ ಜಾಗ ಇದ್ದಿದ್ದು 1,178 ಜನಕ್ಕೆ. ಆಗಿನ ನಿಯಮದಲ್ಲಿ ಬೋಟಿನ ಲೆಕ್ಕ ಹಡಗಿನ ಟನೇಜ್ ಮೇಲೆ ಇತ್ತು, ಜನರ ಮೇಲೆ ಅಲ್ಲ. 1912ರಲ್ಲಿ ಅದು ಮುಳುಗಿದ ಮೇಲೇ 1914ರಲ್ಲಿ ದೇಶಗಳು ಸೇರಿ ಸಮುದ್ರದಲ್ಲಿ ಜನರ ಜೀವ ಕಾಯೋಕೆ ಸೋಲಾಸ್ ಅಂತ ಒಪ್ಪಂದ ಮಾಡ್ಕೊಂಡಿದ್ದು."

ಭಾವ ಅಷ್ಟಕ್ಕೇ ಬಿಡಬೇಕಲ್ಲ. 2012ರಲ್ಲಿ ಇಟಲಿಯ ದಡದಲ್ಲಿ ಬಂಡೆಗೆ ಬಡಿದ ಕೋಸ್ಟಾ ಕಾಂಕಾರ್ಡಿಯಾ ನೆನಪು ಮಾಡಿದರು. 32 ಜನ ಸತ್ತರು, ಅಂದು ಹತ್ತಿದವರಲ್ಲಿ ನೂರಾರು ಜನಕ್ಕೆ ಅಪಾಯ ಬಂದರೆ ಏನು ಮಾಡಬೇಕು ಅಂತ ಕಲಿಸುವ ಡ್ರಿಲ್ಲೇ ಇನ್ನೂ ಆಗಿರಲಿಲ್ಲ. ಆಗ 24 ಗಂಟೆಯೊಳಗೆ ಮಾಡಿದರೆ ಸಾಕಿತ್ತು. ಈಗ ಹಡಗು ಹೊರಡುವ ಮುಂಚೆ ಅಥವಾ ಹೊರಟ ಕೂಡಲೇ ಮಾಡಬೇಕು. ಕೋಣೆ ನಿಶ್ಶಬ್ದವಾಯಿತು. ಅಕ್ಕ ಭಾವನ ತೊಡೆಗೆ ಚಿವುಟಿದ್ದು ನನಗೆ ಕಾಣಿಸಿತು.

ಅಮ್ಮ ಒಂದು ಟವೆಲ್ಲನ್ನು ನಾಲ್ಕು ಮಡಿಕೆ ಮಾಡಿ ಬದಿಗಿಟ್ಟಳು. "ಅಂದ್ರೆ ಈಗ ಒಂದೊಂದು ತಲೆಗೂ ಲೆಕ್ಕ ಇಟ್ಟಿದಾರೆ."

"ಹೂಂ."

"ದುಡ್ಡು ಕೊಡ್ತೀವಿ ಅಂದ್ರೂ ಒಬ್ಬರನ್ನ ಜಾಸ್ತಿ ತಗೊಳ್ಳಲ್ಲ."

"ಇಲ್ಲ ಅಮ್ಮ."

"ಬಸ್ಸಿನವರಿಗೆ ಇಷ್ಟು ಬುದ್ಧಿ ಇದ್ದಿದ್ರೆ!" ಅಂದಳು. "ಸರಿ, ನನ್ನ ಹೆಸರೂ ಬರಿ."

ಮೂರು ವಾರ ನಾನು ಈಜುಕೊಳ, ಸೂರ್ಯಾಸ್ತ, ಸೀಸಾ ಅಂತ ಗಂಟಲು ಹರಿದುಕೊಂಡಿದ್ದೆ. ಅವಳು ಕಾಯುತ್ತಿದ್ದಿದ್ದು ಬೇರೆಯೇ ಏನನ್ನೋ.

ಮತ್ತೆ ನಕ್ಷೆ ಹರಡಿದೆವು. ನಾವು ನಾಲ್ವರೂ ತಮ್ಮನ ಮನೆಯವರೂ ಹಡಗಿನ ಇನ್ನೊಂದು ಭಾಗಕ್ಕೆ ಹೋದೆವು. ಅಲ್ಲಿ ನಾಲ್ಕನೇಯವರಿಗೆ ಜಾಗವಿತ್ತು, ಈ ಸಲ ಮಧ್ಯೆ ಬಾಗಿಲೂ ಇತ್ತು. ಮೇಲಿಂದ ಇಳಿಸುವ ಮಂಚ ಯಾರಿಗೆ ಅನ್ನುವ ಜಗಳ ಮಕ್ಕಳು ಅವತ್ತೇ ಮುಗಿಸಿಕೊಂಡರು, ಅಂದರೆ ಇಬ್ಬರೂ ಅತ್ತರು. ಅಪ್ಪ ಅಮ್ಮನಿಗೆ ಬಾಲ್ಕನಿ ಇರುವ ಕ್ಯಾಬಿನ್ ತೋರಿಸಿದೆ. ಅಮ್ಮ ಬೆರಳು ಜಾರಿಸಿಕೊಂಡು ಕೆಳಗಿನ ಡೆಕ್ಕಿಗೆ ಹೋದಳು. ಹಡಗಿನ ನಡುಭಾಗದಲ್ಲಿ ಗುರುತು ಹಾಕಿದ ಒಂದಿಷ್ಟು ಕ್ಯಾಬಿನ್‌ಗಳಿದ್ದವು.

"ಇದೇನು?"

"ಅದು ಬೇಡಮ್ಮ. ಕಿಟಕಿ ಇದೆ, ಆದ್ರೆ ಎದುರಿಗೇ ಲೈಫ್‌ಬೋಟ್ ನೇತುಹಾಕಿರ್ತಾರೆ. ಸಮುದ್ರ ಅರ್ಧಂಬರ್ಧ ಕಾಣತ್ತೆ, ಅದಕ್ಕೇ ಕಮ್ಮಿ ರೇಟು."

"ಅದೇ ಇರ್ಲಿ."

"ಅಜ್ಜಿ, ಅದು ನಿನ್ನ ಬೋಟೇ ಆಗಿರತ್ತೆ ಅಂತೇನಿಲ್ಲ" ಅಂದಳು ಅಕ್ಕನ ಮಗಳು.

"ಯಾರದ್ದಾದ್ರೇನೇ? ಎದ್ದ ತಕ್ಷಣ ಕಾಣತ್ತಲ್ಲ."

ಅಪ್ಪ ಕನ್ನಡಕ ಏರಿಸಿ ನಕ್ಷೆಯ ಮೇಲೆ ಬಗ್ಗಿದರು. ಬೋಟಿನ ಸಂದಿಯಲ್ಲಿ ಸೂರ್ಯ ಕಾಣುತ್ತಾನೋ ಇಲ್ಲವೋ ಏಜೆಂಟ್‌ನ ಕೇಳು ಅಂದರು.