ಸೂರು ಸೋರಲ್ವೇನೋ?

ಆರ್ಕ್ಟಿಕ್‌ನ ಸ್ವಾಲ್ಬಾರ್ಡ್ ದ್ವೀಪಗಳಿಗೆ ಹೋಗಿ ನಾರ್ವೆಯ ಟ್ರೋಮ್ಸೋಗೆ ವಾಪಸ್ ಬಂದು ನಾಲ್ಕು ದಿನ ಆಯ್ತು, ತಲೇಲಿ ಇನ್ನೂ ಅದೇ ಹಿಮದ ದಿಬ್ಬ. ನೋಡೋಕೇನೂ ಇರ್ಲಿಲ್ಲ ಮಾರಾಯ್ರೆ, ನಮ್ಮೂರ ಹುತ್ತದಷ್ಟು ಎತ್ತರ ಇದ್ದಿರಬೇಕು. ಟೆಂಪಲ್‌ಫಿಯೋರ್ಡ್ ಕೊಲ್ಲಿಯ ದಡದಲ್ಲಿ ಸ್ನೋ ಸ್ಕೂಟರ್ ನಿಲ್ಲಿಸಿ ಗೈಡ್ ಹುಡುಗಿ ಬೈನಾಕ್ಯುಲರ್ ಕೊಟ್ಲು. ಗುಂಪಲ್ಲೊಬ್ಬ ದುಬಾರಿ ಕ್ಯಾಮೆರಾ ಆಸಾಮಿ (ಬೆಳಗ್ಗಿಂದ ಎಲ್ಲರಿಗೂ ಅಡ್ಡ ನಿಲ್ಲೋದೇ ಅವನ ಕೆಲಸ) ಹತ್ರ ಹೋಗೋಣ ಅಂದ. ಅಲ್ಲೀವರೆಗೂ ನಗ್ತಾ ಇದ್ದೋಳು ತಟ್ಟನೆ, "ಅದರೊಳಗೆ ಹೆತ್ತಿರೋಳು ಇರಬಹುದು" ಅಂದ್ಲು.

ರಿಂಗ್ಡ್ ಸೀಲ್, ಆರ್ಕ್ಟಿಕ್ ಸಮುದ್ರದ ಸಣ್ಣ ಜಾತಿ ಸೀಲ್ ಪ್ರಾಣಿ. ಸಮುದ್ರದ ಐಸ್‌ನಲ್ಲಿ ಮುಂಗಾಲಿನ ಉಗುರಿಂದ ಕೆರೆದು ಕೆರೆದು ಉಸಿರಾಡೋ ತೂತು ಮುಚ್ಚದ ಹಾಗೆ ನೋಡ್ಕೊಳ್ಳುತ್ತೆ, ಅದರ ಮೇಲೆ ಕೂತ ಹಿಮದೊಳಗೇ ಗೂಡು ಕೊರೆದು ಏಪ್ರಿಲ್ ಹೊತ್ತಿಗೆ ಒಂದೇ ಮರಿ ಹಾಕುತ್ತೆ, ಐದಾರು ವಾರ ಹಾಲು. ಹಿಮಕರಡಿ ವಾಸನೆ ಹಿಡಿದು ಬಂದು ಚಾವಣಿ ಒಡೆದ್ರೆ ತೂತಿಂದ ನೀರಿಗೆ ಜಾರೋದು. ತಾಯಿ ಒಂದಲ್ಲ, ಹಲವು ಗೂಡು ಮಾಡಿಟ್ಟಿರ್ತಾಳೆ, ಅಪಾಯ ಅನ್ನಿಸಿದ್ರೆ ಮರೀನ ಇನ್ನೊಂದಕ್ಕೆ ಸಾಗಿಸ್ತಾಳೆ.

ರಾತ್ರಿ ನಮ್ಮೂರು ಸಾಗರಕ್ಕೆ ಫೋನ್ ಮಾಡಿ ಅಮ್ಮಂಗೆ ಇದನ್ನೆಲ್ಲ ಹೇಳಿದೆ. ಕರಡಿ ಬಗ್ಗೆ ಕೇಳ್ತಾಳೆ ಅಂದ್ಕೊಂಡಿದ್ರೆ ಅಮ್ಮ ಕೇಳಿದ್ದು, "ಮಳೆ ಬಂದ್ರೆ ಸೂರು ಸೋರಲ್ವೇನೋ?"

ನಾನು ಸುಮ್ಮನಾದೆ. ಯಾಕಂದ್ರೆ ಗೈಡ್ ಹೇಳಿದ್ದೂ ಅದನ್ನೇ, ಮಳೆ ಬಿದ್ರೆ ಗೂಡು ಕುಸಿಯುತ್ತೆ. ಬರೀ ಐಸ್ ಇದ್ರೂ ಸಾಲ್ದು, ಅದು ಬೇಗ ಹೆಪ್ಪುಗಟ್ಟಿರಬೇಕು, ಇಲ್ಲಾಂದ್ರೆ ಚಳಿಗಾಲದ ಹಿಮವೆಲ್ಲ ನೀರಿಗೆ ಬಿದ್ದು ಕರಗಿಹೋಗುತ್ತೆ, ಗೂಡು ಕೊರೆಯೋಕೆ ಏನೂ ಉಳಿಯಲ್ಲ. ನಮ್ಮ ಭಾರತದ ಹಿಮಾದ್ರಿ ಸಂಶೋಧನಾ ಸ್ಟೇಷನ್ ಇರೋ ಸ್ವಾಲ್ಬಾರ್ಡ್‌ನ ನ್ಯೂ ಓಲೆಸುಂಡ್ ಎದುರಿನ ಕಾಂಗ್ಸ್‌ಫಿಯೋರ್ಡ್‌ನಲ್ಲಿ 2006ರಿಂದೀಚೆಗೆ ಐಸ್ ಕಟ್ಟೋದೇ ಕಮ್ಮಿ ಆಗಿದೆ. ಹಿಮ ಇಲ್ಲದ ಕಡೆ ಬಯಲಲ್ಲೇ ಹೆರಬೇಕು. ನಾಲ್ಕೈದು ಕೇಜಿ ಮರಿ ಹಾಗೆ ಮಲಗಿದ್ರೆ ಕರಡಿ ಯಾಕೆ, ನರಿ ಸಾಕು, ಕಡಲಹಕ್ಕಿ ಸಾಕು.

ಅಷ್ಟರಲ್ಲಿ ಅಮ್ಮನೇ ಶುರು ಮಾಡಿದ್ಲು. "ನೀನು ಹುಟ್ಟಿದಾಗ ಪುಷ್ಯ ಮಳೆ ಕಣೋ, ಬಾಣಂತಿ ಕೋಣೆ ಹೆಂಚು ಒಡೆದು ಸೋರಿ ಸೋರಿ ತೊಟ್ಟಿಲು ಮೂರು ಸಲ ಜಾಗ ಬದಲಾಯಿಸಿದ್ವಿ, ನಿಮ್ಮಪ್ಪ ಅಡಿಕೆ ರೇಟು ನೋಡ್ತಾ ಕೂತಿದ್ರು." ಮೂವತ್ತೆಂಟು ವರ್ಷದಲ್ಲಿ ನಂಗಿದು ಒಂದು ಸಲಾನೂ ಹೇಳಿರ್ಲಿಲ್ಲ. ಅಪ್ಪ ಹಿಂದುಗಡೆಯಿಂದ ಏನೋ ಗೊಣಗಿದ್ರು, ಅವರಿಗೆ ಹೆಂಡತಿ ಮಾತಲ್ಲಿ ತಮ್ಮ ಹೆಸರು ಮಾತ್ರ ಸರಿಯಾಗಿ ಕೇಳ್ಸುತ್ತೆ.

ಇವತ್ತು ಬೆಳಗ್ಗೆ ಅಮ್ಮನ ವಾಟ್ಸಾಪ್ ವಾಯ್ಸ್ ಮೆಸೇಜ್: "ಅಲ್ಲಿ ಮಳೆ ಏನಾದ್ರೂ ಬಂತಾ?" ಇನ್ನೂ ರಿಪ್ಲೈ ಮಾಡಿಲ್ಲ. ಸ್ವಾಲ್ಬಾರ್ಡ್‌ನ ಮುಖ್ಯ ಊರು ಲಾಂಗ್‌ಇಯರ್‌ಬಿಯೆನ್‌ಗೆ ನಾಳೆ ಪ್ಲಸ್ 2 ಡಿಗ್ರಿ ಅಂತ ತೋರಿಸ್ತಾ ಇದೆ ಆ್ಯಪು.